ಶಾಲಾ ಮಕ್ಕಳ ಶೂಗೆ ನಮ್ಮ ಪಾದದ ಅಳತೆ ಸಿಗಲಿ

ಮಾನ್ಯರೇ,

ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ, ಕಾಲುಚೀಲ ಖರೀದಿಸುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದರ (ಎಸ್‌ಡಿಎಂಸಿ) ಸದಸ್ಯನಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಗುವನ್ನು ಹಳೆಯ ಪತ್ರಿಕೆಯ ಹಾಳೆಯ ಮೇಲೆ ನಿಲ್ಲಿಸಿ, ಹಿಮ್ಮಡಿಗೂ ಹೆಬ್ಬೆರಳ ತುದಿಗೂ ಗುರುತು ಹಾಕಿ, ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಅದಕ್ಕೆ ಹೊಂದುವ ನಂಬರನ್ನು ಬರೆದುಕೊಳ್ಳುತ್ತಾರೆ. ಪಾದದ ಅಗಲವನ್ನು ಯಾರೂ ಕೇಳುವುದಿಲ್ಲ. ಆ ಪಟ್ಟಿಯಾದರೂ ಬ್ರಿಟಿಷರ ಕಾಲದಿಂದ ಉಳಿದುಬಂದ ಇಂಗ್ಲಿಷ್ ಸೈಜಿನದು.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ, 5ರಿಂದ 55 ವರ್ಷದೊಳಗಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ತ್ರಿ–ಆಯಾಮದ ಸ್ಕ್ಯಾನರ್‌ನಿಂದ ಅಳೆದಿದೆ. ಇಂಥ ಯಂತ್ರದಲ್ಲಿ ಕಾಲಿಟ್ಟರೆ ಬೆಳಕು ಮತ್ತು ಕ್ಯಾಮೆರಾಗಳು ಪಾದದ ಸುತ್ತಲಿನ ಆಕಾರವನ್ನೇ ದಾಖಲಿಸುತ್ತವೆ. ಉದ್ದದ ಜೊತೆಗೆ ಬೆರಳುಗಳ ಬುಡದ ಸುತ್ತಳತೆ, ಮೇಲ್ಪಾದದ ಎತ್ತರ, ಅಂಗಾಲಿನ ಬಾಗು ಎಲ್ಲವೂ ಸಿಗುತ್ತವೆ. ಯುರೋಪ್ ಹಾಗೂ ಅಮೆರಿಕದವರಿಗಿಂತ ಭಾರತೀಯರ ಪಾದ ಅಗಲ ಎಂಬುದು ಈ ಸಮೀಕ್ಷೆಯಲ್ಲಿ ಕಂಡುಬಂತು. ಅಗಲ ಸಾಲದೆಂದು ನಾವು ಒಂದು ನಂಬರ್ ದೊಡ್ಡದನ್ನು ತರಿಸುತ್ತೇವೆ, ಆಗ ಹಿಮ್ಮಡಿ ಸಡಿಲವಾಗುತ್ತದೆ. ಶೂವಿನ ಹಿಂಭಾಗವನ್ನು ತುಳಿದು, ಚಪ್ಪಲಿಯಂತೆ ಎಳೆದುಕೊಂಡು ನಡೆಯುವ ಮಕ್ಕಳನ್ನು ಶಿಸ್ತಿಲ್ಲವೆಂದು ಗದರಿಸುವ ಶಿಕ್ಷಕರು ಒಮ್ಮೆ ಆ ಶೂ ಬಿಚ್ಚಿಸಿ ಕಿರುಬೆರಳನ್ನು ನೋಡಬೇಕು.

ಹೆಣ್ಣುಮಕ್ಕಳ ಪಾದ ಸುಮಾರು 11ನೇ ವಯಸ್ಸಿಗೆ, ಗಂಡುಮಕ್ಕಳದು 15–16ಕ್ಕೆ ಪೂರ್ಣ ಬೆಳೆಯುತ್ತದೆ ಎಂಬುದು ಇದೇ ಸಮೀಕ್ಷೆಯ ಇನ್ನೊಂದು ಅಂಶ. ಅಂದರೆ ಏಳನೇ ತರಗತಿಯ ಹುಡುಗಿಗೆ ಕಳೆದ ವರ್ಷದ ಅಳತೆ ನಡೆದೀತು. ಅವಳ ಪಕ್ಕದ ಹುಡುಗನಿಗೆ ನಡೆಯದು. ಸಮೀಕ್ಷೆಯ ಆಧಾರದಲ್ಲಿ ಭಾರತೀಯರ ಪಾದಕ್ಕೆಂದೇ ರೂಪಿಸಿರುವ ‘ಭಾ’ ಎಂಬ ಶೂ ಅಳತೆ ಪದ್ಧತಿಯ ಎಂಟು ವಿಭಾಗಗಳಲ್ಲಿ 12–13ರ ಹುಡುಗಿಯರಿಗೂ 12–14ರ ಹುಡುಗರಿಗೂ ಬೇರೆ ಬೇರೆ ವಿಭಾಗಗಳಿವೆ. ನಮ್ಮ ಸಮಿತಿಗೆ ಬರುವ ಕೊಟೇಶನ್‌ಗಳಲ್ಲಿ ಮಾತ್ರ ಇದರ ಸುಳಿವೂ ಇಲ್ಲ.

ಬಟ್ಟೆಯ ಅಳತೆಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ಕೈಗೊಂಡ ಇಡೀ ದೇಹದ ಸ್ಕ್ಯಾನಿಂಗ್ ಯೋಜನೆಯು 15ರಿಂದ 65 ವರ್ಷದವರಿಗೆ ಸೀಮಿತವಾದ್ದರಿಂದ, ಅದು ಬಹುತೇಕ ಶಾಲಾ ಮಕ್ಕಳ ಸಮವಸ್ತ್ರಕ್ಕೆ ಒದಗುವುದಿಲ್ಲ. ಆದರೆ ಪಾದದ ಸಮೀಕ್ಷೆ 5 ವರ್ಷದವರಿಂದಲೇ ನಡೆದಿರುವುದರಿಂದ ಶೂ ವಿಷಯದಲ್ಲಿ ಆ ನೆಪವಿಲ್ಲ. ನಮ್ಮ ಮಕ್ಕಳನ್ನು ಸ್ಕ್ಯಾನ್ ಮಾಡಿಸಿ ಅವರ ಪಾದದ ಚಿತ್ರವನ್ನು ಯಾರಿಗೂ ಕೊಡಬೇಕಾಗಿಲ್ಲ; ಅಳತೆ ಪಟ್ಟಿ ಮತ್ತು ಅದಕ್ಕೆ ತಕ್ಕ ಅಚ್ಚಿನಲ್ಲಿ ತಯಾರಾದ ಶೂ ಇದ್ದರೆ ಸಾಕು. ಶಿಕ್ಷಣ ಇಲಾಖೆಯು ಮುಂದಿನ ಖರೀದಿ ಸುತ್ತೋಲೆಯಲ್ಲಿ ಪಾದದ ಅಗಲವನ್ನೂ ನಮೂದಿಸುವುದನ್ನು ಕಡ್ಡಾಯಗೊಳಿಸಬೇಕು ಮತ್ತು ‘ಭಾ’ ಅಳತೆಯ ಶೂ ಪೂರೈಸುವವರಿಗೆ ಆದ್ಯತೆ ನೀಡಬೇಕು ಎಂದು ಕೋರುತ್ತೇನೆ.

– ಎಸ್‌ಡಿಎಂಸಿ ಸದಸ್ಯ, ತಿಪಟೂರು ತಾಲ್ಲೂಕು