ಅಪ್ಪಯ್ಯನಿಗೆ ತೋರಿಸಬೇಕಾದ ಎರಡು ಸೂರ್ಯ

ಪ್ರಿಯ ಮಂಜ,

ಬಲ್ಗೇರಿಯಾದಲ್ಲಿ ಮನೆ ಹೇಗೆ ಕಟ್ಟುತ್ತಾರೆ ಅಂತ ನಿಮ್ಮ ಅಪ್ಪಯ್ಯ ಕೇಳಿದರು ಅಂದೆಯಲ್ಲ. ಸೋಫಿಯಾದಲ್ಲಿ ನಾನಿರುವ ಕಟ್ಟಡದ ಫೋಟೋ ಕಳಿಸಿದರೆ ಅವರು ಬೈತಾರೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ತಂದು, ಬೆಂಕಿಪೊಟ್ಟಣದ ಹಾಗೆ ಜೋಡಿಸಿದ್ದು. ಕಮ್ಯುನಿಸ್ಟರ ಕಾಲದ್ದು. ಬೆಚ್ಚಗಿದೆ, ಅಷ್ಟೇ.

ಅವರಿಗೆ ಇಷ್ಟವಾಗುವಂಥದ್ದು ಪ್ಲೊವ್ದಿವ್‌ನ ಹಳೇ ಊರಲ್ಲಿದೆ. ಗುಡ್ಡದ ಮೇಲೆ ಸೊಟ್ಟ ಸೊಟ್ಟ ಓಣಿ. ಕೆಳಗಿನ ಅಂತಸ್ತು ಕಲ್ಲಿನದು, ಓಣಿ ಹೇಗೆ ತಿರುಗುತ್ತದೋ ಗೋಡೆಯೂ ಹಾಗೇ ತಿರುಗುತ್ತದೆ. ಆದರೆ ಮಹಡಿಯ ಕೋಣೆ ಸೊಟ್ಟ ಇರಬಾರದಲ್ಲ? ಅದಕ್ಕೆ ಮಹಡಿಯನ್ನು ಮರದ ಚೌಕಟ್ಟಿನಲ್ಲಿ ಹಗುರವಾಗಿ ಕಟ್ಟಿ, ಬೀದಿಯ ಮೇಲೆ ಮುಂದಕ್ಕೆ ಚಾಚಿ, ಮೂಲೆಗಳನ್ನು ನೇರ ಮಾಡಿಕೊಂಡಿದ್ದಾರೆ. ಕೆಳಗಿಂದ ಬಾಗಿದ ಮರದ ಆಸರೆ. ಕೆಲವು ಕಡೆ ಎದುರು ಬದುರು ಮನೆಗಳ ಸೂರು ಇನ್ನೇನು ತಾಗಬೇಕು, ಅಷ್ಟು ಹತ್ತಿರ. 1847ರ ಕುಯುಮ್ಜಿಯೊಗ್ಲು ಮನೆಯ ಸೂರಂತೂ ನೇರವೇ ಇಲ್ಲ, ಅಲೆಯ ಹಾಗೆ ಏರಿ ಇಳಿಯುತ್ತದೆ. ಈ ಗೆರೆಗೆ ಕೊಬಿಲಿತ್ಸಾ ಅನ್ನುವುದರ ಹೆಸರೇ ಇದೆ. ಕೊಬಿಲಿತ್ಸಾ ಅಂದರೆ ಏನು ಗೊತ್ತಾ? ಎರಡು ತುದಿಗೆ ಕೊಡ ಕಟ್ಟಿ ಹೆಗಲ ಮೇಲೆ ನೀರು ಹೊರುವ ಕೋಲು. ನಮ್ಮ ಅಡ್ಡೆ, ಮಾರಾಯ!

ಇವೆಲ್ಲ ಹೆಚ್ಚಾಗಿ 18, 19ನೇ ಶತಮಾನದವು. ಅದಕ್ಕೂ ಮುಂಚಿನದು ಬೇರೆ ಕಥೆ. 14ನೇ ಶತಮಾನದ ಕೊನೆಯಿಂದ ಇಲ್ಲಿ ಆಟೊಮನ್ ತುರ್ಕರ ಆಳ್ವಿಕೆ. ಚರ್ಚು ಎತ್ತರ ಇರುವಂತಿಲ್ಲ, ಎದ್ದು ಕಾಣುವಂತಿಲ್ಲ. ಅರ್ಬನಾಸಿ ಅನ್ನುವ ಹಳ್ಳಿಯಲ್ಲಿ ಒಂದು ಚರ್ಚಿಗೆ ಹೋಗಿದ್ದೆ. ಗುಮ್ಮಟ ಇಲ್ಲ, ಕಿಟಕಿಗಳೂ ಸಣ್ಣವು, ಹೊರಗಿಂದ ನೋಡಿದರೆ ದನದ ಕೊಟ್ಟಿಗೆ. ಬಗ್ಗಿ ಒಳಗೆ ಹೋದೆ. ಗೋಡೆ, ಚಾವಣಿ, ಮೂಲೆ ಮೂಲೆಯಲ್ಲೂ ಚಿತ್ರ. ಬೆರಳಿಡಲು ಜಾಗ ಬಿಟ್ಟಿಲ್ಲ. ಸೋಫಿಯಾದ ಅಲೆಕ್ಸಾಂಡರ್ ನೆವ್ಸ್ಕಿ ಚರ್ಚು ಇದರ ಹತ್ತು ಪಟ್ಟು ದೊಡ್ಡದಿರಬಹುದು, ಚಿನ್ನದ ಗುಮ್ಮಟವೂ ಇದೆ. ನನಗೆ ಮಾತ್ರ ಕೊಟ್ಟಿಗೆಯೇ ಇಷ್ಟವಾಯಿತು.

ಇನ್ನು ಕೋಲ್ಯು ಫಿಚೆತೊ. ಇವನ ವಿಷಯ ಅಪ್ಪಯ್ಯನಿಗೆ ನಿಧಾನವಾಗಿ ಓದಿ ಹೇಳು. 1800ರಲ್ಲಿ ದ್ರ್ಯಾನೊವೊ ಊರಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ಅಪ್ಪ ತೀರಿಹೋದ. ಹತ್ತು ವರ್ಷದ ಹುಡುಗ ಮೇಸ್ತ್ರಿಗಳ ಜೊತೆ ಕೆಲಸಕ್ಕೆ ಸೇರಿದ. ಕಾಲೇಜು ಗೀಲೇಜು ಏನಿಲ್ಲ. ಚರ್ಚು ಕಟ್ಟಿದ, ಛತ್ರ ಕಟ್ಟಿದ, ಸೇತುವೆ ಕಟ್ಟಿದ. ಬ್ಯಾಲಾ ಹತ್ತಿರ ಯಾಂತ್ರಾ ನದಿಗೆ ಕಲ್ಲಿನ ಸೇತುವೆ ಹಾಕಬೇಕಾದಾಗ, ಮೊದಲು ಮೇಣದಲ್ಲಿ ಮಾಡಿ ತುರ್ಕರ ಪಾಷಾನಿಗೆ ತೋರಿಸಿದನಂತೆ. 1867ಕ್ಕೆ ಸೇತುವೆ ಮುಗಿಯಿತು. ಆಮೇಲೆ ಲೊವೆಚ್ ಊರಲ್ಲಿ ಮಾಡು ಹೊದೆಸಿದ ಮರದ ಸೇತುವೆ ಕಟ್ಟಿದ, ಒಳಗೆ ಸಾಲು ಅಂಗಡಿ! ಅದು 1925ರಲ್ಲಿ ಸುಟ್ಟುಹೋಯಿತು. ಈಗಿರುವುದು ಆಮೇಲೆ ಕಟ್ಟಿದ್ದು.

1878ರಲ್ಲಿ ತುರ್ಕರ ಆಳ್ವಿಕೆ ಮುಗಿದ ಮೇಲೆ ವಿಯೆನ್ನಾ ಕಡೆಯ ವಾಸ್ತುಶಿಲ್ಪಿಗಳು ಬಂದರು. ಸೋಫಿಯಾದ ನಾಟಕಶಾಲೆ ಅವರದೇ ಕೈ. ಚೆನ್ನಾಗಿದೆ. ಆದರೆ ಅಂಥದ್ದು ಯುರೋಪಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಅಲ್ವಾ?

ಕಡೆಗೆ ಮುಖ್ಯ ವಿಷಯ. ತ್ರ್ಯಾವ್ನಾ ಊರಲ್ಲಿ ದಸ್ಕಾಲೊವ್ ಅನ್ನುವ ವರ್ತಕನ ಮನೆ ಇದೆ. 1808ರ ಹೊತ್ತಿಗೆ ಮುಗಿದದ್ದು. ಅಲ್ಲಿ ಇಬ್ಬರು ಬಡಗಿಗಳು ಪಂದ್ಯ ಕಟ್ಟಿದರಂತೆ. ಒಬ್ಬ ಗುರು ದಿಮಿತಾರ್, ಇನ್ನೊಬ್ಬ ಅವನ ಕೈಕೆಳಗಿನ ಹುಡುಗ ಇವಾನ್. ಒಂದೊಂದು ಕೋಣೆಗೆ ಒಬ್ಬೊಬ್ಬ ಸೇರಿಕೊಂಡು, ಆರು ತಿಂಗಳು ಉಳಿ ಹಿಡಿದು, ಚಾವಣಿಗೆ ಒಂದೊಂದು ಸೂರ್ಯನನ್ನು ಕೆತ್ತಿದರು. ಕಿರಣಗಳ ನಡುವೆ ಎಲೆ, ಹೂವು. ಕತ್ತು ನೋಯುವ ತನಕ ನೋಡಿದೆ.

ಎರಡರ ಫೋಟೋನೂ ಕಳಿಸಿದ್ದೇನೆ. ಗುರುವಿನದು ಯಾವುದು, ಹುಡುಗನದು ಯಾವುದು ಅಂತ ಬರೆದಿಲ್ಲ, ಬೇಕಂತಲೇ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ನೋಡಿ ಹೇಳಲಿ.

ನಿನ್ನ,
ಸುರೇಶ