ಭಾಷೆ ಬದಲಿಸುವ ಮೊದಲು ಇದನ್ನು ಓದು

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ರಭಸಕ್ಕೆ ಇಷ್ಟು ಹೊತ್ತಿಗೆ ನೀನು ಕಲಿಯುತ್ತಿರುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಅನ್‌ಇನ್‌ಸ್ಟಾಲ್ ಆಗಿರಬೇಕು. ಆಗಿದ್ದರೆ ಮತ್ತೆ ಹಾಕಿಕೋ. ವಿಂಡೋಸ್‌ನಲ್ಲಿ ಹಾಕುವಾಗ ಮೊದಲ ಪರದೆಯಲ್ಲೇ ಪಾತ್‌ಗೆ (ಕಂಪ್ಯೂಟರ್ ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಚೌಕಕ್ಕೆ ಟಿಕ್ ಮಾಡು, ಇಲ್ಲದಿದ್ದರೆ ಕಮಾಂಡ್ ಸಿಗುತ್ತಿಲ್ಲ ಎಂದು ಇನ್ನೊಂದು ಸಂಜೆ ಹಾಳಾಗುತ್ತದೆ. ನಿನ್ನ ಮಾತಿನ ಮಧ್ಯೆ ದನಿ ಏರಿಸಿದ್ದಕ್ಕೆ ನನಗೂ ಬೇಜಾರಿದೆ. ಹೇಳಬೇಕಿದ್ದ ವಿಷಯ ಮಾತ್ರ ಹಾಗೇ ಉಳಿದಿದೆ.

45, 50 ಎಂದು ಎರಡು ಅಂಕ ಕೊಟ್ಟರೆ ಮೊತ್ತ 4550 ಬಂತು, ಈ ಭಾಷೆ ಬೇಡ, ಜಾವಾಸ್ಕ್ರಿಪ್ಟ್ ಕಲಿಯುತ್ತೇನೆ ಅಂದೆ. ಅಲ್ಲಿಗೆ ಹೋದರೂ ಅದೇ 4550 ಬರುತ್ತದೆ ಮಗಳೇ. ಟೈಪ್ ಮಾಡಿದ್ದನ್ನು ಪೈಥಾನಿನ ಇನ್‌ಪುಟ್ ಸ್ಟ್ರಿಂಗ್ ಆಗಿಯೇ, ಅಂದರೆ ಸಂಖ್ಯೆಯಾಗಿ ಅಲ್ಲ, ಬರೀ ಅಕ್ಷರಗಳ ಸಾಲಾಗಿ ಕೊಡುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಕೆಲಸ ಮಾಡುವ ಬ್ರೌಸರಿನ ಪ್ರಾಂಪ್ಟ್ ಕೂಡ ಹಾಗೆಯೇ. ಎರಡು ಸ್ಟ್ರಿಂಗ್‌ಗಳ ನಡುವೆ ಪ್ಲಸ್ ಹಾಕಿದರೆ ಎರಡೂ ಭಾಷೆಗಳು ಅವನ್ನು ಅಕ್ಕಪಕ್ಕ ಜೋಡಿಸುತ್ತವೆ ಅಷ್ಟೇ. ಅದೇ ಜಾಗದಲ್ಲಿ ಮೈನಸ್ ಹಾಕಿ ನೋಡು: ಪೈಥಾನ್ ಟೈಪ್‌ಎರರ್ ಕೊಟ್ಟು ನಿಂತುಬಿಡುತ್ತದೆ, ಜಾವಾಸ್ಕ್ರಿಪ್ಟ್ ತಾನೇ ಸಂಖ್ಯೆಗೆ ಬದಲಿಸಿಕೊಂಡು ಸದ್ದಿಲ್ಲದೆ ಉತ್ತರ ಕೊಡುತ್ತದೆ. ಕಲಿಯುವಾಗ ನಿಲ್ಲುವ ಭಾಷೆಯೇ ವಾಸಿ. ನಿನ್ನ ಸಾಲಿಗೆ ಬೇಕಿರುವುದು ಇಷ್ಟೇ, ಇನ್‌ಪುಟ್ ಅನ್ನು ಪೂರ್ಣಾಂಕಕ್ಕೆ ಬದಲಿಸುವ ಇಂಟ್‌ನ ಆವರಣದೊಳಗೆ ಹಾಕು. 45.5 ಕೊಟ್ಟರೆ ವ್ಯಾಲ್ಯೂಎರರ್ ಬರುತ್ತದೆ, ಅರ್ಧ ಅಂಕವೂ ಇದ್ದರೆ ದಶಮಾಂಶ ಸಂಖ್ಯೆಗೆ ಬದಲಿಸುವ ಫ್ಲೋಟ್ ಬಳಸು.

ಅಂದಹಾಗೆ, ಪರದೆ ಮೇಲೆ ಯಾವ ಎರರೂ ಇರಲಿಲ್ಲ. ಆದರೂ ಉತ್ತರ ತಪ್ಪು ಅಂತ ನೀನೇ ಹಿಡಿದೆ. ಪ್ರೋಗ್ರಾಂ ಓಡಿತಲ್ಲ, ಸಾಕು ಅಂತ ಮುಂದೆ ಹೋಗುವವರೇ ಹೆಚ್ಚು. ಇದನ್ನು ನಿನ್ನೆಯೇ ಹೇಳಬೇಕಿತ್ತು, ನನಗೆ ತುಂಬ ಹೆಮ್ಮೆಯಾಯಿತು.

ನನ್ನ ಭಯ ಬೇರೆಯದು. ಸಿಕ್ಕಿಬಿದ್ದ ಜಾಗದಿಂದ ಎದ್ದು ಹೋಗುವುದು ಅಭ್ಯಾಸವಾಗಿಬಿಟ್ಟರೆ? ಭಾಷೆ ಬದಲಿಸುವುದು ಅದರ ಒಂದು ರೂಪ. ಎಐಗೆ ಕೋಡ್ ಅಂಟಿಸಿ, ಅದು ಕೊಟ್ಟದ್ದನ್ನು ವಾಪಸ್ ಅಂಟಿಸುವುದು ಇನ್ನೊಂದು. ವಿಡಿಯೋ ನೋಡುತ್ತಾ ಅರ್ಥವಾಯಿತು ಅಂದುಕೊಳ್ಳುವುದೂ ಅದೇ, ಮುಚ್ಚಿಟ್ಟು ಖಾಲಿ ಫೈಲ್ ತೆರೆದರೆ ಮೊದಲ ಸಾಲೇ ಬರುವುದಿಲ್ಲ. ಕಾಯಿಲೆ ಒಂದೇ, ಅದಕ್ಕೇ ಇಷ್ಟು ಎಳೆಯುತ್ತಿದ್ದೇನೆ. ಎರರ್ ಬಂದಾಗ ಕೊನೆಯ ಸಾಲಿನಿಂದ ಓದು: ಎರರಿನ ಹೆಸರು, ಕಾರಣ ಅಲ್ಲಿರುತ್ತದೆ. ಲೈನ್ ನಂಬರ್ ಅದರ ಮೇಲಿರುತ್ತದೆ. ಆ ಸಾಲು ಸರಿ ಕಂಡರೆ ಹಿಂದಿನ ಸಾಲು ನೋಡು, ಮುಚ್ಚದ ಆವರಣ ಅಲ್ಲಿರಬಹುದು. ಅನುಮಾನ ಬಂದ ವೇರಿಯಬಲ್ಲನ್ನು (ಮೌಲ್ಯವಿಟ್ಟ ಹೆಸರನ್ನು) ಅದರಲ್ಲಿರುವುದು ಯಾವ ಬಗೆಯದು ಎಂದು ಹೇಳುವ ಟೈಪ್ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡು, 4550ರ ಗುಟ್ಟು ಒಂದೇ ಸಾಲಿನಲ್ಲಿ ಹೊರಬರುತ್ತಿತ್ತು. 20 ನಿಮಿಷ ಹೀಗೆ ಗುದ್ದಾಡಿದ ಮೇಲೆ ಎಐಯನ್ನು ಕೇಳು, ಆದರೆ ಕೋಡ್ ಬರೆದುಕೊಡಬೇಡ, ಈ ಸಾಲು ಏನು ಮಾಡುತ್ತಿದೆ ವಿವರಿಸು ಅಂತ ಕೇಳು.

ನಿನಗೆ ವೆಬ್‌ಸೈಟ್ ಕಟ್ಟುವ ಆಸೆಯಿದ್ದಿದ್ದರೆ ಜಾವಾಸ್ಕ್ರಿಪ್ಟ್‌ನಿಂದಲೇ ಶುರುಮಾಡು ಅನ್ನುತ್ತಿದ್ದೆ. ನೀನು ಹೊರಟಿರುವುದು ಅಂಕಿಅಂಶದ ಕಡೆಗೆ, ಅದಕ್ಕೆ ಪೈಥಾನ್ ಸಾಕು. ಸಿ ಭಾಷೆಯೂ ಒಂದು ದಿನ ಬೇಕು, ಮೆಮೊರಿ ಅಂದರೇನು ಅಂತ ಅದು ಕಲಿಸುತ್ತದೆ. ಈಗಲ್ಲ.

ಕೋರ್ಸ್ ಒಂದೇ ಇರಲಿ. ಹಾರ್ವರ್ಡ್‌ನ ಡೇವಿಡ್ ಮಾಲನ್ ಅವರ ಪೈಥಾನ್ ಕೋರ್ಸ್ ಸಿಎಸ್50ಪಿ ಉಚಿತ. ಪಾಠಗಳಿಗಿಂತ ಅದರ ಪ್ರಾಬ್ಲಮ್ ಸೆಟ್‌ಗಳು ಮುಖ್ಯ, ಬಿಡಬೇಡ. ಪೈಥಾನಿನ ಅಧಿಕೃತ ಟ್ಯುಟೋರಿಯಲ್ ಚೆನ್ನಾಗಿದೆ, ಆದರೆ ಸ್ವಲ್ಪ ಬಲ್ಲವರಿಗೆ ಬರೆದದ್ದು, ಲೂಪ್, ಫಂಕ್ಷನ್ ಕೈಗೆ ಹತ್ತಿದ ಮೇಲೆ ತೆರೆ. ಪ್ರಿಂಟ್ ಮುಂದೆ ಆವರಣವಿಲ್ಲದ ಪಾಠ ಕಂಡರೆ ಮುಚ್ಚಿಬಿಡು, ಅದು ಪೈಥಾನ್ 2, ಅದರ ಬೆಂಬಲ 2020ರ ಆರಂಭಕ್ಕೇ ನಿಂತಿದೆ. ಕೋಡ್ ಬರೆಯಲು ಸದ್ಯಕ್ಕೆ ಥಾನಿ ಎಂಬ ಎಡಿಟರ್ ಇರಲಿ, ಒಂದೊಂದೇ ಹೆಜ್ಜೆ ಓಡಿಸಿ ವೇರಿಯಬಲ್‌ನಲ್ಲಿ ಏನಿದೆ ತೋರಿಸುತ್ತದೆ. ಫೈಲ್‌ಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಹೆಸರಿಡಬೇಡ. ಪೈಥಾನ್ ಜೊತೆಗೇ ಬರುವ ಅದೇ ಹೆಸರಿನ ಮಾಡ್ಯೂಲನ್ನು (ಸಿದ್ಧ ಕೋಡಿನ ಫೈಲನ್ನು) ಇಂಪೋರ್ಟ್ ಮಾಡಿದರೆ ಪೈಥಾನಿಗೆ ಮೊದಲು ಸಿಗುವುದು ನಿನ್ನ ಫೈಲೇ, ಆಮೇಲೆ ಸರಾಸರಿ ತೆಗೆಯುವ ಮೀನ್ ಫಂಕ್ಷನ್ನೇ ಇಲ್ಲ ಅನ್ನುತ್ತದೆ.

ಮತ್ತೆ ಪಾಠ ಮಾಡಲು ಕೂತೆ, ನೋಡು. ಊಟ ನಿದ್ದೆ ಸರಿಯಾಗಿ ಮಾಡು, ರಾತ್ರಿ ಒಂದು ಗಂಟೆಗೆ ಕಂಡ ಬಗ್‌ಗಳನ್ನು ಬೆಳಿಗ್ಗೆಗೆ ಬಿಡು. ಆ ಅಂಕದ ಪ್ರೋಗ್ರಾಂಗೆ ಮೂರನೆಯ ವಿಷಯ ಸೇರಿಸಿ, ಖಾಲಿ ಎಂಟರ್ ಒತ್ತಿದರೆ ಏನಾಗುತ್ತದೆ ನೋಡಿ ಕಳಿಸು. ಎರರ್ ಬಂದರೆ ಪರದೆಯ ಫೋಟೊ ಬೇಡ, ಪೂರ್ತಿ ಸಂದೇಶವನ್ನು ಕಾಪಿ ಮಾಡಿ ಹಾಕು.

ಅಮ್ಮ