ಸೋಲಾರ್‌ಗೆ ಜಮೀನು ಕೊಡುವ ಮುಂಚೆ: ಪಾವಗಡದಿಂದ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿಮ್ಮೂರಿಗೂ ಸೋಲಾರ್ ಕಂಪನಿ ಕಡೆಯವರು ಬಂದು ಪಹಣಿ ಜೆರಾಕ್ಸ್ ಕೇಳುತ್ತಿದ್ದಾರೆ, ಕೊಡಬೇಕೋ ಬೇಡವೋ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮೂರಿನ ನಾಲ್ಕು ಜನರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಒಂದು ಮಾತು. ಇಲ್ಲಿ ಜಮೀನು ಕೊಟ್ಟವರನ್ನು ದುಡ್ಡಿನ ಆಸೆಗೆ ಬಿದ್ದವರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಪಾವಗಡ ಗೊತ್ತಲ್ಲ ನಿನಗೆ, ಮೂರು ಕಡೆ ಆಂಧ್ರ, ತಲೆ ಮೇಲೆ ಬಿಸಿಲು. ಬೋರ್ ಕೊರೆಸಿದರೆ ಬರೀ ದೂಳು, ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ಮಳೆ ನಂಬಿ ಕಡಲೆಕಾಯಿ ಬಿತ್ತೋದು, ಹೂವು ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹೋಯಿತು ಅಂತ ಬೆಂಗಳೂರಿನ ಬಸ್ಸು ಹತ್ತೋದು, ಇದೇ ಆಗಿತ್ತು ಬದುಕು. ಅಂಥ ಕಡೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಕೊಡುತ್ತೇವೆ, ಜಮೀನು ನಿಮ್ಮ ಹೆಸರಲ್ಲೇ ಇರುತ್ತದೆ ಅಂದರೆ ಯಾರು ಬೇಡ ಅಂತಾರೆ ಹೇಳು. ನಮ್ಮ ಮನೆಯಲ್ಲೂ ಕೊಟ್ಟೆವು. ಆ ದುಡ್ಡಿನಲ್ಲಿ ಸಾಲ ತೀರಿದೆ, ತಂಗಿ ಡಿಗ್ರಿ ಮುಗಿಸಿದ್ದಾಳೆ. ಇದನ್ನು ಮುಚ್ಚಿಡೋದಿಲ್ಲ.

ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟಿನದು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, 2019ರ ಕೊನೆಗೆ ಪೂರ್ತಿ ಆಯಿತು. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ. ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಮಾಡಿದ ನಿಗಮವೊಂದು ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ಪಡೆದು ಕಂಪನಿಗಳಿಗೆ ಕೊಟ್ಟಿತು. ಈ ವ್ಯವಸ್ಥೆ ಒಳ್ಳೆಯದೇ. ಬೇರೆ ಕಡೆ ಅಣೆಕಟ್ಟಿಗೋ ಉಷ್ಣ ಸ್ಥಾವರಕ್ಕೋ ಜಮೀನು ಕಳೆದುಕೊಂಡವರಿಗೆ ಇಷ್ಟೂ ಸಿಕ್ಕಿಲ್ಲ. ಇಲ್ಲಿ ಹೊಗೆ ಇಲ್ಲ, ಹಾರುಬೂದಿ ಇಲ್ಲ.

ಆದರೆ ಲೆಕ್ಕ ಹಾಕಿ ನೋಡು. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತದೆ. ಮೂರನೇ ವರ್ಷ 22,050, ಹೀಗೇ ಏರುತ್ತಾ ಕರಾರಿನ ಕೊನೇ ವರ್ಷಕ್ಕೆ ಸುಮಾರು 39,600. ಕೇಳೋಕೆ ಚೆನ್ನಾಗಿದೆ. ಆದರೆ ವರ್ಷಕ್ಕೆ ಎರಡೂವರೆ ಪರ್ಸೆಂಟೂ ಆಗಲಿಲ್ಲ ಅದು. ಬೆಲೆ ಏರಿಕೆಯನ್ನು ವರ್ಷಕ್ಕೆ ಶೇಕಡಾ 4ರ ಸುತ್ತ ಇಡಬೇಕು ಅನ್ನೋದೇ ರಿಸರ್ವ್ ಬ್ಯಾಂಕಿನ ಗುರಿ. ಅಂದರೆ ಎಲ್ಲ ಸರಿಯಾಗಿ ನಡೆದರೂ ಬಾಡಿಗೆಯ ಬೆಲೆ ವರ್ಷದಿಂದ ವರ್ಷಕ್ಕೆ ಕರಗುತ್ತಲೇ ಹೋಗುತ್ತದೆ. ಇವತ್ತು ಮೂವತ್ತು ವರ್ಷದವನು ಸಹಿ ಹಾಕಿದರೆ ಐವತ್ತೆಂಟರ ತನಕ ಇದೇ ಲೆಕ್ಕ, ಅಲ್ವಾ?

ಇನ್ನು ಪಹಣಿ. ತಾತನ ಹೆಸರಲ್ಲಿ ಪಹಣಿ ಇದ್ದು, ನಾಲ್ಕು ಜನ ಮಕ್ಕಳು ಬಾಯಿಮಾತಲ್ಲಿ ಹಂಚಿಕೊಂಡು ಉಳುತ್ತಿದ್ದರೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗೋ ತನಕ ಬಾಡಿಗೆ ಬರೋದಿಲ್ಲ. ಉಳುವಾಗ ಇಲ್ಲದ ಜಗಳ ಬ್ಯಾಂಕ್ ಖಾತೆ ಕೇಳಿದ ದಿನ ಶುರುವಾಗುತ್ತದೆ. ಹೆಣ್ಣುಮಕ್ಕಳಿಗೂ ಪಾಲಿದೆ ಅನ್ನೋದು ಆವಾಗಲೇ ನೆನಪಾಗೋದು. ಬಗರ್‌ಹುಕುಂ ಜಮೀನು, ಅಂದರೆ ಮಂಜೂರಾಗದ ಸರ್ಕಾರಿ ಜಮೀನು, ಉಳುತ್ತಿದ್ದು ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಸಿಗದವರ ಪಾಡಂತೂ ಕೇಳಲೇಬೇಡ.

ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು ಜಮೀನೇ ಇಲ್ಲದವರ ವಿಷಯ. ಯಾವ ಕರಾರುಪತ್ರದಲ್ಲೂ ಅವರ ಹೆಸರಿಲ್ಲ.

ನಮ್ಮ ಹೊಲ ನಮ್ಮದು ಸರಿ. ಆದರೆ ಕಡಲೆಕಾಯಿ ಕಿತ್ತ ಮೇಲೆ ಆ ಹೊಲ ಊರಿನದಾಗಿರುತ್ತಿತ್ತು. ಯಾರ ಕುರಿ ಬಂದು ಮೇಯ್ದರೂ ಯಾರೂ ಕೇಳುತ್ತಿರಲಿಲ್ಲ, ಕುರಿ ಹಿಕ್ಕೆ ಗೊಬ್ಬರ ಆಗುತ್ತದೆ ಅಂತ ನಾವೇ ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಿದ್ದೆವು. ಬೆಳಗ್ಗೆ ಹೊತ್ತು ನಮ್ಮ ಬೀದಿಯ ಹೆಂಗಸರು ಬಂದು ಮಣ್ಣಲ್ಲಿ ಉಳಿದ ಕಾಯಿ ಆಯುತ್ತಿದ್ದರು, ಮಡಿಲಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಬಳ್ಳಿ ಎತ್ತಿಕೊಂಡು ಹೋದರೆ ಅವರ ಮನೆ ಹಸುವಿಗೆ ಮೇವು, ಬದುವಿನ ಜಾಲಿ ಕಡಿದರೆ ಒಲೆಗೆ ಸೌದೆ. ಈಗ ಅಲ್ಲಿ ತಂತಿಬೇಲಿ, ಬೇಲಿ ಪಕ್ಕದಲ್ಲಿ ಸೆಕ್ಯುರಿಟಿ. ನಮಗೆ ಬಾಡಿಗೆ ಬಂತು. ಕುರಿ ಕಾಯೋರು ಮೇವಿಗೆ ದೂರ ದೂರ ಅಲೆದು ಸಾಕಾಗಿ, ಕೆಲವರು ಮಂದೆಯನ್ನೇ ಮಾರಿದರು. ಅವರಿಗೆ ಯಾರು ಏನು ಕೊಟ್ಟರು?

ಕೂಲಿ ಕಥೆಯೂ ಅಷ್ಟೇ. ಬಿತ್ತನೆ, ಕಳೆ, ಕಾಯಿ ಕೀಳೋದು, ಬಿಡಿಸೋದು, ಇದರಲ್ಲಿ ಹೆಚ್ಚಿನ ಕೆಲಸ ಹೆಂಗಸರದ್ದು. ನಮ್ಮ ಹೊಲದಲ್ಲಿ ನಾನು ಹುಟ್ಟುವ ಮುಂಚಿನಿಂದ ಕಳೆ ಕೀಳುತ್ತಿದ್ದ ಒಬ್ಬ ಅಜ್ಜಿ ಇದ್ದಾಳೆ. ಅವಳ ಸೊಸೆಗೆ ಈಗ ಪ್ಯಾನೆಲ್ ಸಾಲುಗಳ ಮಧ್ಯೆ ಹುಲ್ಲು ಕತ್ತರಿಸೋ ಕೆಲಸ, ಅದೂ ಗುತ್ತಿಗೆದಾರ ಕರೆದ ದಿನ ಮಾತ್ರ. ಅಜ್ಜಿಯನ್ನು ಯಾರೂ ಕರೆಯೋದಿಲ್ಲ. ಕಟ್ಟುವಾಗ ಜನ ಬೇಕಿತ್ತು, ಕಂಬ ನೆಡೋಕೆ, ಪ್ಯಾನೆಲ್ ಹೊರೋಕೆ. ಕಟ್ಟಿ ಮುಗಿದ ಮೇಲೆ ಸೋಲಾರ್‌ಗೆ ಜನವೇ ಜಾಸ್ತಿ ಬೇಡ, ಕಾವಲು, ಪ್ಯಾನೆಲ್ ತೊಳೆಯೋದು, ಹುಲ್ಲು ತೆಗೆಯೋದು ಅಷ್ಟೇ. ಓದಿದ ಹುಡುಗರಿಗೆ ಒಳಗಡೆ ಎಂಜಿನಿಯರ್ ಕೆಲಸ ಸಿಗುತ್ತದೆ ಅಂತ ಊರಲ್ಲಿ ಆಸೆ ಇತ್ತು. ಐಟಿಐ ಮುಗಿಸಿದ ಹುಡುಗ ಗೇಟಿನಲ್ಲಿ ಲಾಠಿ ಹಿಡಿದು ನಿಂತಿರೋದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಕಣೋ.

ಕೊಡಬೇಡ ಅಂತ ನಾನು ಹೇಳುತ್ತಿಲ್ಲ. ವಿದ್ಯುತ್ ಬೇಕು, ಕಲ್ಲಿದ್ದಲಿಗಿಂತ ಬಿಸಿಲು ಎಷ್ಟೋ ವಾಸಿ. ಆದರೆ ನಿಮ್ಮ ಹತ್ತಿರ ಇನ್ನೂ ಸಮಯ ಇದೆ, ಸಹಿ ಆಗಿಲ್ಲ. ಒಬ್ಬೊಬ್ಬರೇ ಏಜೆಂಟನ ಹತ್ತಿರ ಮಾತಾಡಬೇಡಿ, ಸುಮ್ನೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾರೆ. ಗ್ರಾಮಸಭೆ ಕರೆಯಿರಿ, ಜಮೀನಿಲ್ಲದವರನ್ನೂ ಕೂರಿಸಿಕೊಳ್ಳಿ. ಬಾಡಿಗೆ ಏರಿಕೆ ಬೆಲೆ ಏರಿಕೆಯ ಜೊತೆಗೇ ಹೋಗಲಿ ಅಂತ ಪಟ್ಟು ಹಿಡಿಯಿರಿ. ಬೇಲಿಯ ಹೊರಗೆ ಕುರಿ ಮೇಯೋಕೆ ಇಷ್ಟು ಜಾಗ, ಹಳೇ ದಾರಿಗಳು ತೆರೆದಿರಬೇಕು, ಹುಲ್ಲು ಕತ್ತರಿಸುವ ಮತ್ತು ಪ್ಯಾನೆಲ್ ತೊಳೆಯುವ ಕೆಲಸ ಊರಿನ ಮಹಿಳಾ ಸಂಘಕ್ಕೇ ಬರಬೇಕು, ತೊಳೆಯೋ ನೀರು ಎಲ್ಲಿಂದ ತರುತ್ತಾರೆ ಅನ್ನೋದೂ ಕಾಗದದ ಮೇಲೆ ಬರಲಿ. ಬಾಯಿಮಾತು ಬೇಡ. ಕರಾರು ಮುಗಿದ ಮೇಲೆ ಪ್ಯಾನೆಲ್, ಕಾಂಕ್ರೀಟು, ಕಂಬ ಕಿತ್ತು ಹೊಲ ಹದ ಮಾಡಿಕೊಡೋದು ಯಾರು ಅಂತಲೂ ಈಗಲೇ ಕೇಳಿ. ಇಲ್ಲಿ ಬದು ಎಲ್ಲಿತ್ತು ಅನ್ನೋದೇ ಈಗ ನಮಗೆ ಗೊತ್ತಾಗೋದಿಲ್ಲ, ಎಲ್ಲ ಸಮತಟ್ಟು ಮಾಡಿಬಿಟ್ಟಿದ್ದಾರೆ. ಅದಕ್ಕೆ ಮೊದಲೇ ಸರ್ವೆ ಮಾಡಿಸಿ ನಕ್ಷೆ ಇಟ್ಟುಕೊಳ್ಳಿ.

ಅವರು ಕೊಡುವ ಕರಾರಿನ ಕರಡು ಇಂಗ್ಲಿಷಿನಲ್ಲಿದ್ದರೆ ಕನ್ನಡದ ಪ್ರತಿ ಕೊಡೋ ತನಕ ಯಾರೂ ಹೆಬ್ಬೆಟ್ಟು ಒತ್ತೋದು ಬೇಡ ಅಂತ ಹೇಳು. ಸಿಕ್ಕ ಕೂಡಲೇ ಪುಟ ಪುಟ ಫೋಟೋ ತೆಗೆದು ನನಗೆ ಕಳಿಸು, ನಮ್ಮದರ ಪಕ್ಕ ಇಟ್ಟು ನೋಡಿ ಹೇಳುತ್ತೇನೆ. ಗ್ರಾಮಸಭೆ ಗೊತ್ತಾದರೆ ದಿನ ತಿಳಿಸು, ಬರುತ್ತೇನೆ. ಇಲ್ಲಿಂದ ಕುರಿ ಕಾಯೋರನ್ನೂ ಒಬ್ಬರನ್ನು ಕರೆದುಕೊಂಡು ಬರುತ್ತೇನೆ, ಅವರ ಮಾತು ನಿಮ್ಮವರು ಕೇಳಬೇಕು.

ಇಂತಿ ನಿನ್ನ ಗೆಳೆಯ